ಮೊಸರುಗಡಿಗೆಯ ಉತ್ಸವ: ಕಲಬುರಗಿ-ಕಮಲಾಪುರ ಸೀಮೆಯನ್ನು ಕುರಿತು ಒಂದು ವಿಚಾರ

ಶ್ರಾವಣ ಬಹುಳ ಅಷ್ಟಮಿಯ ರಾತ್ರಿ ಶ್ರೀಕೃಷ್ಣನು ಜನಿಸಿದನೆಂದು ಭಾವಿಸಿ ಉಪವಾಸವಿದ್ದು ಪೂಜೆ, ಅರ್ಘ್ಯಗಳನ್ನು ಸಲ್ಲಿಸುವುದೂ, ಮರುದಿನ ನವಮಿಯಲ್ಲಿ ಮೊಸರಿನ ಗಡಿಗೆಯನ್ನು ಎತ್ತರದಲ್ಲಿ ಕಟ್ಟಿ ಒಡೆಯುವುದೂ ನಮ್ಮ ದೇಶದ ಅನೇಕ ಪ್ರಾಂತಗಳಲ್ಲಿ ಪ್ರಸಿದ್ಧವಾಗಿವೆ. ಕಲಬುರಗಿ ನಗರವೂ, ಅದರ ಈಶಾನ್ಯಕ್ಕೆ ಹುಮನಾಬಾದಿನ ದಾರಿಯಲ್ಲಿರುವ ಕಮಲಾಪುರದ ಸೀಮೆಯೂ ಈ ಉತ್ಸವದ ಹಲವು ಪದ್ಧತಿಗಳು ಬಂದು ಕೂಡುವ ನೆಲವಾಗಿವೆ. ಅದರ ಇಂದಿನ ಸಾಮಾನ್ಯ ಕ್ರಮವು ವಾಚಕರಿಗೆ ತಿಳಿದಿರುವುದೇ ಆಗಿದೆ. ಬೀದಿಗೆ ಅಡ್ಡಲಾಗಿ ಹಗ್ಗವನ್ನು ಬಿಗಿದು, ಅದರ ನಡುವೆ ಮೊಸರು, ಅವಲಕ್ಕಿ, ಅರಳು ಮೊದಲಾದವುಗಳನ್ನು ತುಂಬಿದ ಮಣ್ಣಿನ ಗಡಿಗೆಯನ್ನು ತೂಗಬಿಡುತ್ತಾರೆ. ತರುಣರು ತೋಳಿಗೆ ತೋಳು ಹೆಣೆದು ಬಳಸಿ ನಿಲ್ಲುತ್ತಾರೆ. ಅವರ ಹೆಗಲ ಮೇಲೆ ಕೆಲವರು, ಅವರ ಹೆಗಲ ಮೇಲೆ ಮತ್ತೆ ಕೆಲವರು ಏರುತ್ತಾರೆ. ಸುತ್ತ ನೆರೆದವರು ನೀರೆರಚಿ ಅವರನ್ನು ಜಾರಿಸಲು ನೋಡುತ್ತಾರೆ. ಕಡೆಗೆ ಹಗುರವಾದ ಮೈಯ ಒಬ್ಬನು ತುದಿಗೇರಿ ಗಡಿಗೆಯನ್ನು ಒಡೆಯುತ್ತಾನೆ. ಚೆಲ್ಲಿದ ಮೊಸರು ಪ್ರಸಾದವಾಗುತ್ತದೆ.

ಈ ಆಟವೆಲ್ಲವೂ ಒಂದೇ ಕಾಲದಲ್ಲಿ, ಒಂದೇ ಮೂಲದಿಂದ ಹುಟ್ಟಿತೆಂದು ಜನರು ಸಾಮಾನ್ಯವಾಗಿ ನಂಬಿದ್ದಾರೆ. ವಿಚಾರಿಸಿ ನೋಡಿದರೆ ಇದರಲ್ಲಿ ನಾಲ್ಕು ಅಂಗಗಳು ಕಂಡುಬರುತ್ತವೆ: ನೀರನ್ನೂ ಗೋರಸವನ್ನೂ ಎರಚುವುದು, ತೂಗಿದ ಗಡಿಗೆಯನ್ನು ಒಡೆಯುವುದು, ಒಡೆದುದನ್ನು ಎಲ್ಲರೂ ಹಂಚಿಕೊಂಡು ತಿನ್ನುವುದು, ಮತ್ತು ಮನುಷ್ಯರ ಮೇಲೆ ಮನುಷ್ಯರು ನಿಂತು ಏಣಿಯಾಗುವುದು. ಇವುಗಳಲ್ಲಿ ಮೊದಲಿನ ಮೂರಕ್ಕೆ ಪುರಾಣದಲ್ಲಿ ಸ್ಪಷ್ಟವಾದ ಆಧಾರವಿದೆ; ನಾಲ್ಕನೆಯದಕ್ಕೆ ಇಲ್ಲ. ಅದು ಗರಡಿಯಿಂದಲೂ ಕಂಬದಾಟದಿಂದಲೂ ಬಂದು ಹಬ್ಬದಲ್ಲಿ ಸೇರಿದುದೆಂದು ನಮಗೆ ತೋರುತ್ತದೆ. ಕಡೆಗೆ ಬಂದ ಈ ಅಂಗವೇ ಇಂದು ಉಳಿದ ಮೂರನ್ನೂ ಮರೆಸಿ ಹಬ್ಬದ ಅಳತೆಗೋಲಾಗಿ ನಿಂತಿದೆ. ಇದರ ಪರಿಣಾಮವು ಕೇವಲ ವಿದ್ವಾಂಸರ ಚರ್ಚೆಗೆ ಸೇರಿದುದಲ್ಲ. ಎಳೆಯರ ಪ್ರಾಣಕ್ಕೂ ಸಂಬಂಧಿಸಿದುದು. ಈ ವಿಷಯವನ್ನು ಕಲಬುರಗಿಯ ಸುತ್ತಲಿನ ಸಾಮಗ್ರಿಯನ್ನೇ ಮುಂದಿಟ್ಟುಕೊಂಡು ನಿರೂಪಿಸುವುದು ಈ ಲೇಖನದ ಉದ್ದೇಶ.

೧. ಸೀಮೆಯ ಸ್ವರೂಪ

ಕಲಬುರಗಿಯೆಂದೊಡನೆ ಚರಿತ್ರೆಯನ್ನು ಓದಿದವರಿಗೆ ನೆನಪಾಗುವುದು ೧೩೪೭ರಲ್ಲಿ ಸ್ಥಾಪಿತವಾದ ಬಹಮನಿ ರಾಜ್ಯ, ಅದರ ಕೋಟೆ, ೧೪೨೨ರಲ್ಲಿ ತೀರಿಕೊಂಡ ಖಾಜಾ ಬಂದೇನವಾಜರ ದರ್ಗಾ, ಮತ್ತು ಶರಣಬಸವೇಶ್ವರರ ಗುಡಿ. ಅನಂತರ ಈ ಪ್ರಾಂತವು ಹೈದರಾಬಾದು ಸಂಸ್ಥಾನಕ್ಕೆ ಸೇರಿ, ೧೯೪೮ರಲ್ಲಿ ಭಾರತದಲ್ಲಿ ವಿಲೀನವಾಗಿ, ೧೯೫೬ರಲ್ಲಿ ಕನ್ನಡ ನಾಡಿನೊಡನೆ ಕೂಡಿತು. ೨೦೧೪ರಲ್ಲಿ 'ಗುಲಬರ್ಗಾ' ಎಂಬ ರೂಪವನ್ನು ಬಿಟ್ಟು ಕಲಬುರಗಿಯೆಂಬ ಹೆಸರನ್ನೇ ಅಧಿಕೃತವಾಗಿ ಪಡೆಯಿತು. ಕೆಂಪು ಬಾಳೆಗೆ ಹೆಸರಾದ ಕಮಲಾಪುರವು ಹಿಂದೆ ಕಲಬುರಗಿ ತಾಲೂಕಿನ ಒಂದು ಊರಾಗಿದ್ದು, ೨೦೧೮ರಲ್ಲಿ ತಾನೇ ತಾಲೂಕಿನ ಮುಖ್ಯಸ್ಥಳವಾಯಿತು.

ನಮ್ಮ ಪ್ರಕೃತ ವಿಷಯಕ್ಕೆ ಈ ರಾಜಕೀಯ ಚರಿತ್ರೆಗಿಂತ ಇಲ್ಲಿನ ನೆಲೆಯೇ ಹೆಚ್ಚು ಮುಖ್ಯವಾದುದು. ಪಶ್ಚಿಮಕ್ಕೆ ಭೀಮಾನದಿಯು ಪಂಢರಪುರದ ಕಡೆಯಿಂದ ಹರಿದು ಬರುತ್ತದೆ. ಆಗ್ನೇಯಕ್ಕೆ, ಕಾಗಿಣಾ ನದಿಯ ತೀರದಲ್ಲಿ, ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ, ಎಂದರೆ ಇಂದಿನ ಮಳಖೇಡ, ಇದೆ. ಕಮಲಾಪುರದಿಂದ ಹುಮನಾಬಾದನ್ನು ದಾಟಿ ಮುಂದೆ ಹೋದರೆ ಚಾಳುಕ್ಯರ ಕಲ್ಯಾಣವು ಸಿಕ್ಕುತ್ತದೆ. ಹೀಗೆ ಭಕ್ತಿಯ ಒಂದು ಕ್ಷೇತ್ರಕ್ಕೂ ಎರಡು ಹಳೆಯ ರಾಜಧಾನಿಗಳಿಗೂ ನಡುವೆ ಈ ಸೀಮೆಯು ನೆಲೆಗೊಂಡಿದೆ. ಮೊಸರುಗಡಿಗೆಯ ಉತ್ಸವದ ಬೇರೆ ಬೇರೆ ಎಳೆಗಳು ಈ ಮೂರೂ ದಿಕ್ಕುಗಳಲ್ಲಿ ದೊರೆಯುತ್ತವೆಂಬುದು ಮುಂದೆ ತಿಳಿದುಬರುವುದು.

೨. ಪುರಾಣದಲ್ಲಿರುವ ಮೂರು ಎಳೆಗಳು

ಕೃಷ್ಣನ ಬಾಲ್ಯವನ್ನು ಹೇಳುವ ಹಳೆಯ ಗ್ರಂಥಗಳಾದ ಹರಿವಂಶದಲ್ಲಿಯೂ ವಿಷ್ಣುಪುರಾಣದಲ್ಲಿಯೂ ಅವನನ್ನು ಒರಳಿಗೆ ಕಟ್ಟಿದ ಕಥೆಯಿದೆ. ಆದರೆ ಅಲ್ಲಿ ಕಟ್ಟಲು ಕಾರಣವು ಮಗುವಿನ ಅಂಕೆಯಿಲ್ಲದ ಓಡಾಟವೇ ಹೊರತು ಬೆಣ್ಣೆಮೊಸರುಗಳ ಕಳವಲ್ಲ. ಕಳವಿನ ಕಥೆಯು ವಿಸ್ತಾರವಾಗಿ ದೊರೆಯುವುದು ಭಾಗವತದ ದಶಮಸ್ಕಂಧದಲ್ಲಿ. ಅಲ್ಲಿನ ಮೂರು ಪ್ರಸಂಗಗಳನ್ನು ಬಿಡಿಸಿ ನೋಡಬೇಕಾಗಿದೆ.

ಮೊದಲನೆಯದು ಐದನೆಯ ಅಧ್ಯಾಯದ ನಂದೋತ್ಸವ. ಮಗು ಹುಟ್ಟಿದ ಸಂತೋಷದಲ್ಲಿ ಗೋಪರು ಹಾಲು, ಮೊಸರು, ತುಪ್ಪ, ನೀರುಗಳನ್ನು ಒಬ್ಬರ ಮೇಲೊಬ್ಬರು ಎರಚಿಕೊಂಡು, ಬೆಣ್ಣೆಯನ್ನು ಬಳಿದುಕೊಂಡು ನಲಿದರೆಂದು ಅಲ್ಲಿ ಹೇಳಿದೆ. ನಮ್ಮ ನಾಡಿನ ಓಕುಳಿಯನ್ನು ಕಂಡವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಎರಡನೆಯದು ಎಂಟನೆಯ ಅಧ್ಯಾಯದಲ್ಲಿ ಗೋಪಿಯರು ಯಶೋದೆಗೆ ಸಲ್ಲಿಸುವ ದೂರು. ಕೈಗೆ ನಿಲುಕದಂತೆ ತೂಗಿಟ್ಟ ಪಾತ್ರೆಗಳನ್ನು ಮುಟ್ಟಲು ಈ ಹುಡುಗನು ಮಣೆ, ಒರಳು ಮುಂತಾದವುಗಳನ್ನು ಒಂದರ ಮೇಲೊಂದು ಇಟ್ಟು ಉಪಾಯ ಮಾಡುತ್ತಾನೆ. ಯಾವ ಪಾತ್ರೆಯಲ್ಲಿ ಏನಿದೆಯೆಂಬುದನ್ನು ತಿಳಿದೇ ಅದಕ್ಕೆ ತೂತು ಮಾಡುತ್ತಾನೆ. ಕದ್ದುದನ್ನು ಕೋತಿಗಳಿಗೂ ಹಂಚುತ್ತಾನೆ ಎಂಬುದು ಆ ದೂರಿನ ಸಾರ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಏರುವುದಕ್ಕೆ ಕೃಷ್ಣನು ಬಳಸಿದುದು ಮಣೆಯನ್ನು, ಒರಳನ್ನು, ಗೆಳೆಯರ ಹೆಗಲನ್ನಲ್ಲ.

ಮೂರನೆಯದು ಹದಿಮೂರನೆಯ ಅಧ್ಯಾಯದ ವನಭೋಜನ. ಯಮುನೆಯ ಮರಳಿನಲ್ಲಿ ಗೋಪಬಾಲಕರು ಕೃಷ್ಣನನ್ನು ನಡುವೆ ಕುಳ್ಳಿರಿಸಿಕೊಂಡು ಸುತ್ತಲೂ ಕುಳಿತು, ಮನೆಯಿಂದ ತಂದ ಬುತ್ತಿಗಳನ್ನು ಬಿಚ್ಚಿ, ತಮ್ಮ ತಮ್ಮ ತಿನಿಸಿನ ರುಚಿಯನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತ ನಗುನಗುತ್ತ ಉಂಡರು. ಈ ವೇಳೆಯಲ್ಲಿಯೇ ಬ್ರಹ್ಮನು ಕರುಗಳನ್ನು ಅಪಹರಿಸಿದನೆಂಬ ಕಥೆಯು ಮುಂದುವರಿಯುತ್ತದೆ. ಎಲ್ಲರ ಬುತ್ತಿಯೂ ಒಂದಾಗುವ ಈ ಊಟವೇ 'ಗೋಪಾಲಕಾಲಾ' ಎಂಬ ಆಚರಣೆಗೆ ಮೂಲ.

ಎರಚಾಟ, ಗಡಿಗೆ, ಹಂಚಿಕೆ ಈ ಮೂರೂ ಹೀಗೆ ಮೂರು ಬೇರೆ ಬೇರೆ ಅಧ್ಯಾಯಗಳಲ್ಲಿ, ಕೃಷ್ಣನ ವಯಸ್ಸಿನ ಮೂರು ಬೇರೆ ಬೇರೆ ಘಟ್ಟಗಳಲ್ಲಿ ಬರುತ್ತವೆ. ಜನರು ಇವನ್ನು ಒಂದೇ ದಿನದ ಒಂದೇ ಆಟದಲ್ಲಿ ಹೆಣೆದರು. ಗ್ರಂಥದ ಕ್ರಮವನ್ನು ಬಿಟ್ಟು ಭಾವದ ಕ್ರಮವನ್ನು ಹಿಡಿಯುವುದು ಜಾನಪದದ ಸ್ವಭಾವ. ಇಲ್ಲಿ ಆ ಹೆಣಿಗೆಯು ಬಹು ಜಾಣತನದಿಂದ ಕೂಡಿದೆಯೆಂದು ಒಪ್ಪಲೇಬೇಕು.

೩. ಮಾನ್ಯಖೇಟದ ಸಾಕ್ಷ್ಯ

ಕೃಷ್ಣನ ಬಾಲಲೀಲೆಯು ಕನ್ನಡ ನೆಲದಲ್ಲಿ ಬಹು ಹಿಂದೆಯೇ ಜನಪ್ರಿಯವಾಗಿತ್ತು. ಬಾದಾಮಿಯ ಗುಹಾದೇಗುಲಗಳಲ್ಲಿ ಆ ಪ್ರಸಂಗಗಳನ್ನು ಕೆತ್ತಿದ ಶಿಲ್ಪಪಟ್ಟಿಕೆಗಳಿವೆ. ಅವುಗಳಲ್ಲಿ ಮೂರನೆಯ ಗುಹೆಯ ಕಾಲವು ಅಲ್ಲಿನ ಶಾಸನದಿಂದ ಕ್ರಿ. ಶ. ೫೭೮ ಎಂದು ಗೊತ್ತಾಗಿದೆ. ರಾಷ್ಟ್ರಕೂಟ ವಂಶದಲ್ಲಿ ಕೃಷ್ಣ, ಗೋವಿಂದ ಎಂಬ ಹೆಸರುಗಳು ಮರುಕಳಿಸಿ ಬರುವುದನ್ನೂ ಎಲ್ಲರೂ ಬಲ್ಲರು. ಇಂದು ಮಹಾರಾಷ್ಟ್ರದಲ್ಲಿ ಗಡಿಗೆಯೊಡೆಯುವ ತರುಣರನ್ನು 'ಗೋವಿಂದಾ' ಎಂದೇ ಕರೆಯುತ್ತಾರೆ. ಈ ಸಾಮ್ಯದಿಂದ ಯಾವ ಸಿದ್ಧಾಂತವನ್ನೂ ಕಟ್ಟುವುದು ಯುಕ್ತವಲ್ಲ. ಹೆಸರಿನ ಪ್ರಚಾರವನ್ನು ಮಾತ್ರ ಅದು ಸೂಚಿಸುತ್ತದೆ.

ಇದಕ್ಕಿಂತ ಬಲವಾದ ಸಾಕ್ಷ್ಯವು ಮಾನ್ಯಖೇಟದಲ್ಲಿಯೇ ರಚಿತವಾದ ಒಂದು ಗ್ರಂಥದಲ್ಲಿದೆ. ಮೂರನೆಯ ಕೃಷ್ಣನ ಮಂತ್ರಿಯಾದ ಭರತನ ಆಶ್ರಯದಲ್ಲಿ ಪುಷ್ಪದಂತನೆಂಬ ಜೈನಕವಿಯು ಅಪಭ್ರಂಶ ಭಾಷೆಯಲ್ಲಿ ಮಹಾಪುರಾಣವನ್ನು ಕ್ರಿ. ಶ. ೯೫೯ರಲ್ಲಿ ಆರಂಭಿಸಿ ೯೬೫ರಲ್ಲಿ ಮುಗಿಸಿದನು. ಅದರ ಹರಿವಂಶಭಾಗದಲ್ಲಿ ಗೋಕುಲದ ಕೃಷ್ಣನು ಧೂಳು ಮೆತ್ತಿದ ಮೈಯಿಂದ ಆಡುತ್ತ, ಕಡೆಗೋಲಿನ ಹಗ್ಗವನ್ನು ಕಿತ್ತು, ಅರೆಕಡೆದ ಮೊಸರನ್ನು ಉರುಳಿಸುವ ಚಿತ್ರವಿದೆ. ಜೈನ ಪರಂಪರೆಯಲ್ಲಿ ಕೃಷ್ಣನು ದೇವರಲ್ಲ. ತ್ರಿಷಷ್ಟಿಶಲಾಕಾಪುರುಷರಲ್ಲಿ ಒಬ್ಬನಾದ ವಾಸುದೇವನು. ಹಾಗಿದ್ದರೂ ಜೈನಕವಿಯೊಬ್ಬನು ಮೊಸರು ಚೆಲ್ಲುವ ಹುಡುಗನನ್ನು ಅಷ್ಟು ಅಕ್ಕರೆಯಿಂದ ವರ್ಣಿಸಿದನೆಂದರೆ, ಆ ಕಥೆಯು ಮತಭೇದವನ್ನು ಮೀರಿ ಎಲ್ಲರ ಮನೆಯ ಕಥೆಯಾಗಿತ್ತೆಂದು ತಿಳಿಯುತ್ತದೆ. ಕಲಬುರಗಿಯ ಜನರು ತಮ್ಮ ಹಬ್ಬದ ಪೂರ್ವಚರಿತ್ರೆಯನ್ನು ಮಥುರೆಯಲ್ಲಿ ಮಾತ್ರ ಹುಡುಕಬೇಕಾಗಿಲ್ಲ. ಅದರ ಒಂದು ಹಾಳೆಯು ಮಳಖೇಡದಲ್ಲಿಯೇ ಬರೆಯಲ್ಪಟ್ಟಿದೆ.

ಈ ಗ್ರಂಥವು ಸಂಪೂರ್ಣವಾದ ಏಳೇ ವರ್ಷಗಳಲ್ಲಿ, ೯೭೨ರಲ್ಲಿ, ಮಾಳವದ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. ರಾಜಧಾನಿಯು ಅಳಿಯಿತು, ಮೊಸರು ಚೆಲ್ಲಿದ ಹುಡುಗನ ಕಥೆಯು ಉಳಿಯಿತು.

೪. ನೆಲವು ಮತ್ತು ಕಾಲಾ

ಎರಡು ಶಬ್ದಗಳ ವಿಚಾರವು ಇಲ್ಲಿ ಉಪಯುಕ್ತವಾಗುವುದು. ಪಾತ್ರೆಗಳನ್ನು ಇಲಿ ಬೆಕ್ಕುಗಳ ಕಾಟದಿಂದ ಕಾಪಾಡಲು ತೊಲೆಗೆ ತೂಗಬಿಡುವ ಹಗ್ಗದ ಹೆಣಿಗೆಗೆ ಕನ್ನಡದಲ್ಲಿ 'ನೆಲವು' ಎಂದು ಹೆಸರು. ಸಂಸ್ಕೃತದಲ್ಲಿ ಇದು ಶಿಕ್ಯ. ಅದರಿಂದ ಮರಾಠಿಯ 'ಶಿಂಕೆ' ಬಂದಿದೆ. ತಮಿಳಿನಲ್ಲಿ 'ಉರಿ' ಎನ್ನುತ್ತಾರೆ; ಆ ನಾಡಿನ ಗೋಕುಲಾಷ್ಟಮಿಯ ಆಟಕ್ಕೆ 'ಉರಿಯಡಿ' ಎಂಬ ಹೆಸರು ಬಂದುದು ಇದರಿಂದಲೇ. ಆಳ್ವಾರರಲ್ಲಿ ಒಬ್ಬರಾದ ಪೆರಿಯಾಳ್ವಾರರು ಕೃಷ್ಣಜನನದ ಸಂಭ್ರಮವನ್ನು ಹೇಳುವಾಗ, ಗೋಪರು ನೆಲವಿನ ಪಾತ್ರೆಗಳನ್ನು ಅಂಗಳಕ್ಕೆ ಉರುಳಿಸಿ ಕುಣಿದರೆಂದು ಹಾಡಿದ್ದಾರೆ. ಬೀದಿಯಲ್ಲಿ ತೂಗುವ ಗಡಿಗೆಯು ಅಡಿಗೆಮನೆಯ ನೆಲವೇ ಹೊರಗೆ ಬಂದ ರೂಪವೆಂದು ಇದರಿಂದ ಸ್ಪಷ್ಟವಾಗುತ್ತದೆ. ಮನೆಯೊಳಗೆ ಬಚ್ಚಿಟ್ಟುದನ್ನು ವರ್ಷಕ್ಕೊಂದು ದಿನ ಊರಿನ ನಡುವೆ ಎಲ್ಲರ ಕಣ್ಣೆದುರಿಗೆ ತೂಗಿಬಿಟ್ಟು ಸೂರೆಮಾಡಿಸುವುದು ಈ ಆಟದ ತಿರುಳು.

ಇನ್ನು 'ಕಾಲಾ' ಎಂಬುದು ಮರಾಠಿ ಶಬ್ದ. ಅವಲಕ್ಕಿ, ಅರಳು, ಮೊಸರು ಮೊದಲಾದವುಗಳ ಕಲಬೆರಕೆಗೆ ಆ ಹೆಸರು. ಅದೇ ಭಾಷೆಯ 'ಕಾಲವಣೆ' ಎಂಬ ಕ್ರಿಯಾಪದಕ್ಕೆ ಕಲಸು ಎಂದರ್ಥ. ನಮ್ಮ 'ಕಲಸು', 'ಕಲೆ' ಎಂಬ ಧಾತುಗಳೊಡನೆ ಇದರ ಸಾಮ್ಯವು ಕಣ್ಣಿಗೆ ಬೀಳುವಂತಿದೆ. ಕೇವಲ ಶಬ್ದಸಾಮ್ಯದಿಂದ ಸಂಬಂಧವನ್ನು ನಿರ್ಣಯಿಸುವುದು ಅವಸರದ ಕೆಲಸವಾದೀತು. ಆದರೆ ಅರ್ಥದ ಮಟ್ಟಿಗೆ ಸಂದೇಹವಿಲ್ಲ: ಕಾಲಾ ಎಂದರೆ ಕಲಸಿದುದು, ಬೇರೆಬೇರೆಯವರ ಬುತ್ತಿ ಒಂದಾದುದು.

ಪಂಢರಪುರದ ವಾರಕರಿ ಸಂಪ್ರದಾಯದಲ್ಲಿ ಈ ಕಾಲಾಕ್ಕೆ ಬಹಳ ಪ್ರಾಮುಖ್ಯವಿದೆ. ಆಷಾಢದ ಯಾತ್ರೆಯು ಮುಗಿಯುವ ಹುಣ್ಣಿಮೆಯ ದಿನ ಪಾಲಕಿಗಳು ಪಂಢರಪುರದ ಬಳಿಯ ಗೋಪಾಳಪುರಕ್ಕೆ ಹೋಗಿ, ಅಲ್ಲಿ ಕಾಲಾ ನಡೆದ ಮೇಲೆ ತಮ್ಮ ತಮ್ಮ ಊರುಗಳಿಗೆ ಹಿಂದಿರುಗುತ್ತವೆ. ಏಳು ದಿನಗಳ ನಾಮಸಪ್ತಾಹಗಳೂ ಕಾಲಾಕೀರ್ತನೆಯೊಡನೆ, ಗಡಿಗೆಯೊಡೆದು ಪ್ರಸಾದ ಹಂಚುವುದರೊಡನೆ ಮುಗಿಯುತ್ತವೆ. ಕಲಬುರಗಿ ಮತ್ತು ಬೀದರ ಜಿಲ್ಲೆಗಳಿಂದಲೂ ವಾರಕರಿಗಳ ದಿಂಡಿಗಳು ಪಂಢರಪುರಕ್ಕೆ ನಡೆದು ಹೋಗುವುದುಂಟು; ಇಲ್ಲಿನ ಹಳ್ಳಿಗಳಲ್ಲಿ ಸಪ್ತಾಹಗಳು ನಡೆಯುವುದುಂಟು. ಆದುದರಿಂದ ಈ ಸೀಮೆಯವರಿಗೆ ಗಡಿಗೆಯೊಡೆಯುವುದು ಅಷ್ಟಮಿಯ ಮರುದಿನದ ಆಟ ಮಾತ್ರವಲ್ಲದೆ, ಯಾತ್ರೆಯ ಮತ್ತು ಭಜನೆಯ ಮಂಗಳವೂ ಆಗಿದೆ. ಈ ರೂಪದಲ್ಲಿ ಗಡಿಗೆಯ ಎತ್ತರಕ್ಕೆ ಯಾವ ಬೆಲೆಯೂ ಇಲ್ಲ. ಕೀರ್ತನಕಾರನು ಕೋಲಿನಿಂದ ತಟ್ಟಿ ಒಡೆದರೂ ಆಯಿತು. ಮುಖ್ಯವಾದುದು ಆ ಮೇಲಿನ ಹಂಚಿಕೆ.

ಉಡುಪಿಯ ಪದ್ಧತಿಯೂ ಇದಕ್ಕೆ ಪೋಷಕವಾಗಿದೆ. ಅಲ್ಲಿ ಅಷ್ಟಮಿಯ ಮರುದಿನದ ವಿಟ್ಲಪಿಂಡಿಯಂದು ರಥಬೀದಿಯಲ್ಲಿ ಗುರ್ಜಿಗಳನ್ನು ನಿಲ್ಲಿಸಿ ಕುಡಿಕೆಗಳನ್ನು ಕಟ್ಟುತ್ತಾರೆ. ಗೊಲ್ಲರ ವೇಷದವರು ಅವನ್ನು ಕೋಲಿನಿಂದ ಒಡೆಯುತ್ತಾರೆ. ಕೃಷ್ಣನ ಮಣ್ಣಿನ ಮೂರ್ತಿಯನ್ನು ರಥದಲ್ಲಿ ಮೆರೆಯಿಸಿ ಮಧ್ವಸರೋವರದಲ್ಲಿ ವಿಸರ್ಜಿಸುತ್ತಾರೆ. ಉಂಡೆ ಚಕ್ಕುಲಿಗಳ ಪ್ರಸಾದವು ಜನರಿಗೆ ಸಲ್ಲುತ್ತದೆ. ಅಲ್ಲಿಯೂ ಮನುಷ್ಯರ ಏಣಿಯು ವಿಧಿಯ ಅಂಗವಲ್ಲ.

೫. ಮನುಷ್ಯರ ಏಣಿಯು ಎಲ್ಲಿಂದ ಬಂದಿತು?

ಭಾಗವತದಲ್ಲಿಲ್ಲದ, ಉಡುಪಿಯ ವಿಧಿಯಲ್ಲಿಲ್ಲದ ಈ ಏಣಿಯು ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ಉತ್ತರವನ್ನು ಗರಡಿಯ ಕಡೆಗೆ ನೋಡಿ ಹೇಳಬೇಕು. ಕೃಷ್ಣನಿಗೂ ಮಲ್ಲವಿದ್ಯೆಗೂ ಹಳೆಯ ಸಂಬಂಧವಿದೆ. ಕಂಸನ ರಂಗದಲ್ಲಿ ಕೃಷ್ಣ ಬಲರಾಮರು ಚಾಣೂರ ಮುಷ್ಟಿಕರನ್ನು ಕೊಂದ ಕಥೆಯು ಪ್ರಸಿದ್ಧವಾದುದು. ಗುಜರಾತಿನ ಜ್ಯೇಷ್ಠಿಮಲ್ಲರ ಮಲ್ಲಪುರಾಣದಲ್ಲಿ ಆ ವಿದ್ಯೆಯನ್ನು ಉಪದೇಶಿಸಿದವನು ಕೃಷ್ಣನೇ ಎಂದು ಹೇಳಿದೆ. ಮೈಸೂರಿನ ಜಟ್ಟಿಗಳು ಆ ಪರಂಪರೆಗೆ ಸೇರಿದವರು. ಹೀಗಿರುವಲ್ಲಿ ಕೃಷ್ಣನ ಹಬ್ಬದ ದಿನ ಗರಡಿಯ ತರುಣರು ಮುಂದೆ ಬರುವುದು ಸಹಜವೇ ಆಗಿದೆ.

ಈ ವಿಷಯದಲ್ಲಿಯೂ ನಮ್ಮ ಸೀಮೆಗೆ ಸಮೀಪದ ಗ್ರಂಥವೊಂದಿದೆ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೨೯ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಪ್ರಕರಣವಿದೆ. ಮಲ್ಲರ ಆಹಾರ, ಅವರ ದರ್ಜೆಗಳು, ಅಖಾಡದ ಸಿದ್ಧತೆಗಳೊಡನೆ ಅವರ ವ್ಯಾಯಾಮಗಳನ್ನೂ ಅಲ್ಲಿ ವಿವರಿಸಿದೆ. ಭಾರವನ್ನು ಹೊರುವ ಶ್ರಮ, ನೀರಿನಲ್ಲಿ ಮಾಡುವ ಶ್ರಮ ಮೊದಲಾದವುಗಳ ಸಾಲಿನಲ್ಲಿ ಕಂಬವನ್ನು ಹಿಡಿದು ಮಾಡುವ ಸ್ತಂಭಶ್ರಮವೂ ಒಂದು. ಇಂದಿನ ಮಲ್ಲಕಂಬದ ಪೂರ್ವರೂಪವನ್ನು ಇದರಲ್ಲಿ ಕಾಣುವವರುಂಟು. ಕಮಲಾಪುರಕ್ಕೆ ಒಂದು ದಿನದ ದಾರಿಯೊಳಗಿನ ರಾಜಧಾನಿಯಲ್ಲಿ ಹನ್ನೆರಡನೆಯ ಶತಮಾನದಲ್ಲಿಯೇ ಏರುವ ವಿದ್ಯೆಗೆ ಶಾಸ್ತ್ರವು ಹುಟ್ಟಿತ್ತೆಂಬುದು ನಾವು ಮರೆಯಬಾರದ ಸಂಗತಿ.

ಜನರ ಆಚರಣೆಯಲ್ಲಿ ಇದಕ್ಕೆ ಹೊಂದುವ ಇನ್ನೊಂದು ರೂಪವು ಬಾಗಲಕೋಟೆ, ವಿಜಯಪುರ ಸೀಮೆಗಳ ಹಾಲೋಕುಳಿ. ಅಲ್ಲಿ ಹನುಮಂತನ ಗುಡಿಯ ಮುಂದೆ ನುಣುಪಾದ ಎತ್ತರದ ಕಂಬವನ್ನು ನೆಟ್ಟು ಜಾರುವಂತೆ ಮಾಡುತ್ತಾರೆ; ತರುಣರು ಒಬ್ಬರ ಹೆಗಲನ್ನೊಬ್ಬರು ಮೆಟ್ಟಿ ಏರುತ್ತಾರೆ; ಮೇಲಿನಿಂದಲೂ ಕೆಳಗಿನಿಂದಲೂ ನೀರು ಬೀಳುತ್ತದೆ. ಇಲ್ಲಿ ಮೊಸರಿನ ಗಡಿಗೆಯಿಲ್ಲ, ಕೃಷ್ಣನ ಕಥೆಯಿಲ್ಲ. ಆದರೆ ಓಕುಳಿಯಿದೆ, ಹೆಗಲೇರುವ ತಂಡವಿದೆ. ಕಂಬವನ್ನು ತೆಗೆದು ಅದರ ಸ್ಥಾನದಲ್ಲಿ ಮನುಷ್ಯರೇ ಕಂಬವಾಗಿ ನಿಂತರೆ ಇಂದಿನ ಮೊಸರುಗಡಿಗೆಯ ಆಟವಾಗುತ್ತದೆ. ಒಂದು ಇನ್ನೊಂದರಿಂದ ಹುಟ್ಟಿತೆಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ. ಎರಡಕ್ಕೂ ಒಂದೇ ಬಗೆಯ ಅಭ್ಯಾಸವು ಆಧಾರವಾಗಿತ್ತೆಂದು ಹೇಳಿದರೆ ಸಾಕು.

ಇಂಥ ಏಣಿಯು ಕೃಷ್ಣಕಥೆಯ ಹಂಗಿಲ್ಲದೆಯೂ ಹುಟ್ಟಬಲ್ಲುದೆಂಬುದಕ್ಕೆ ಪರದೇಶದ ನಿದರ್ಶನವೂ ಇದೆ. ಸ್ಪೇನಿನ ಕತಲೋನಿಯ ಪ್ರಾಂತದಲ್ಲಿ, ವಾಲ್ಸ್ ಎಂಬ ಪಟ್ಟಣದ ಸುತ್ತಿನಲ್ಲಿ, ಹದಿನೆಂಟನೆಯ ಶತಮಾನದ ಕೊನೆಯಿಂದ ಮನುಷ್ಯರ ಗೋಪುರಗಳನ್ನು ಕಟ್ಟುವ ಪದ್ಧತಿಯಿದೆ. ೨೦೧೦ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಯೂ ತುದಿಗೇರುವುದು ಮಗುವೇ. ಆದರೆ ಮೇಲೆ ಒಡೆಯುವುದಕ್ಕೆ ಗಡಿಗೆಯಿಲ್ಲ. ಮಗು ತುದಿಯಲ್ಲಿ ಕೈಯೆತ್ತಿದರೆ ಗೋಪುರವು ಪೂರ್ಣವಾದಂತೆ.

೬. ಎತ್ತರದ ಲೆಕ್ಕ

ಈ ಏಣಿಯ ಕಟ್ಟಡದಲ್ಲಿ ಒಂದು ಸರಳವಾದ ಗಣಿತವಿದೆ. ಸಾಮಾನ್ಯ ಆಳಿನ ಹೆಗಲು ನೆಲದಿಂದ ಸುಮಾರು ನಾಲ್ಕೂವರೆ ಅಡಿಯಷ್ಟು ಮೇಲಿರುತ್ತದೆ. ಮೂರು ಅಂತಸ್ತುಗಳ ಹೆಗಲುಗಳು ಸೇರಿ ಹದಿಮೂರೂವರೆ ಅಡಿ. ಅದರ ಮೇಲೆ ನಿಂತವನು ಕೈಯನ್ನು ಚಾಚಿದರೆ ಇಪ್ಪತ್ತು ಅಡಿಯ ಗಡಿಗೆಯು ನಿಲುಕುತ್ತದೆ. ಅಂದರೆ ಇಪ್ಪತ್ತು ಅಡಿಗೆ ನಾಲ್ಕು ಅಂತಸ್ತು ಬೇಕು. ಕೆಳಗಿನ ಸುತ್ತಿನಲ್ಲಿ ಗಟ್ಟಿಮುಟ್ಟಾದವರು ಎದೆಗೆ ಎದೆಯಾನಿಸಿ ನಿಲ್ಲುತ್ತಾರೆ. ಅವರ ಹೊರಗೆ ಇನ್ನೂ ಹಲವರು ಬೆನ್ನಿಗೆ ಕೈಯೊತ್ತಿ ಆಸರೆಯಾಗುತ್ತಾರೆ. ಮೇಲೆ ಹೋದಂತೆ ಆಳುಗಳು ಕಡಿಮೆಯಾಗಬೇಕು, ಮೈಯೂ ಹಗುರವಾಗಬೇಕು. ಎತ್ತರವು ಹೆಚ್ಚಿದಷ್ಟೂ ತುದಿಯವನು ಎಳೆಯನಾಗುವುದು ಅನಿವಾರ್ಯವಾಗುತ್ತದೆ. ನಾಲ್ಕು ಅಂತಸ್ತಿನಲ್ಲಿ ತುದಿಗೆ ತರುಣನು ಸಾಕು. ಎಂಟು ಒಂಬತ್ತು ಅಂತಸ್ತಿಗೆ ಬಾಲಕನೇ ಬೇಕು. ಸಾಹಸವನ್ನು ದೊಡ್ಡವರು ಬೆಳಸಿದಷ್ಟೂ ಅದರ ಅಪಾಯವು ಚಿಕ್ಕವರ ಪಾಲಿಗೆ ಹೋಗುವುದೆಂಬುದು ಈ ಗಣಿತದ ಕಠೋರವಾದ ಫಲ.

ಮುಂಬಯಿಯ ಇತ್ತೀಚಿನ ಚರಿತ್ರೆಯು ಇದಕ್ಕೆ ನಿದರ್ಶನ. ಅಲ್ಲಿ ತಂಡಗಳ ನಡುವೆ ಸ್ಪರ್ಧೆಯೂ ಬಹುಮಾನದ ಹಣವೂ ಬೆಳೆದು, ೨೦೧೨ರಲ್ಲಿ ಒಂದು ತಂಡವು ಠಾಣೆಯಲ್ಲಿ ಒಂಬತ್ತು ಅಂತಸ್ತುಗಳಿಂದ ೪೩.೭೯ ಅಡಿಯ ಎತ್ತರವನ್ನು ಮುಟ್ಟಿ ಜಗತ್ತಿನ ದಾಖಲೆಯನ್ನು ಪಡೆಯಿತು. ಬಿದ್ದು ಗಾಯಗೊಂಡವರ, ಪ್ರಾಣ ಕಳೆದುಕೊಂಡವರ ವಾರ್ತೆಗಳು ವರ್ಷವರ್ಷವೂ ಬರುತ್ತಿದ್ದುದರಿಂದ ವಿಷಯವು ನ್ಯಾಯಾಲಯವನ್ನು ಮುಟ್ಟಿತು. ೨೦೧೪ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಏಣಿಯ ಎತ್ತರವು ೨೦ ಅಡಿಯನ್ನು ಮೀರಬಾರದೆಂದೂ ೧೮ ವರ್ಷ ತುಂಬದವರು ಭಾಗವಹಿಸಬಾರದೆಂದೂ ವಿಧಿಸಿತು. ೨೦೧೬ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತರದ ಮಿತಿಯನ್ನು ಸಡಿಲಿಸಲು ಒಪ್ಪಲಿಲ್ಲ. ೨೦೧೭ರಲ್ಲಿ ಉಚ್ಚ ನ್ಯಾಯಾಲಯವು ಎತ್ತರದ ಮಿತಿಯನ್ನು ತೆಗೆದುಹಾಕಿತು. ೧೪ ವರ್ಷಕ್ಕೆ ಕಡಿಮೆಯಾದ ಮಕ್ಕಳನ್ನು ಸೇರಿಸುವುದಿಲ್ಲವೆಂದು ಸರಕಾರವು ಒಪ್ಪಿಕೊಂಡಿತು. ೨೦೨೨ರಲ್ಲಿ ಮಹಾರಾಷ್ಟ್ರ ಸರಕಾರವು ಇದನ್ನು ಸಾಹಸ ಕ್ರೀಡೆಯೆಂದು ಮನ್ನಿಸಿತು. ಹಬ್ಬವು ಹೀಗೆ ಎಂಟು ವರ್ಷಗಳ ಅವಧಿಯಲ್ಲಿ ನ್ಯಾಯಾಲಯದ ವ್ಯವಹಾರವಾಗಿ, ಆಮೇಲೆ ಕ್ರೀಡೆಯಾಗಿ ಪರಿಣಮಿಸಿತು. ಈ ವ್ಯಾಜ್ಯದಲ್ಲಿ ಚರ್ಚೆಯೆಲ್ಲವೂ ಎತ್ತರವನ್ನೂ ವಯಸ್ಸನ್ನೂ ಕುರಿತದ್ದು. ಕಾಲಾದ ಮಾತು, ಹಂಚಿಕೆಯ ಮಾತು ಅದರ ಮುಂದೆ ಮಂಕಾಯಿತು.

ಮುಂಬಯಿಯ ಈ ರೂಪವು ಕಲಬುರಗಿಗೆ ದೂರದ್ದಲ್ಲ. ೧೮೭೧ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುದಾರಿಯು ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿಗಳ ಮಾರ್ಗವಾಗಿ ರಾಯಚೂರನ್ನು ಮುಟ್ಟಿದಂದಿನಿಂದ ಈ ಎರಡು ಊರುಗಳ ನಡುವೆ ಜನಸಂಚಾರವು ನಡೆದಿದೆ. ಮಳೆಯ ಅಭಾವದ ವರ್ಷಗಳಲ್ಲಿ ಕೂಲಿಗಾಗಿ ಮುಂಬಯಿ, ಪುಣೆಗಳಿಗೆ ಹೋಗಿಬರುವ ಕುಟುಂಬಗಳು ಈ ಜಿಲ್ಲೆಯಲ್ಲಿ ಅನೇಕ. ಹಾಗೆ ಹೋಗಿಬಂದವರು ದುಡಿಮೆಯ ಜತೆಗೆ ಆಟದ ರೀತಿಯನ್ನೂ ತಂದಿರಬೇಕೆಂಬುದು ನಮ್ಮ ಊಹೆ. ಭೀಮೆಯ ದಾರಿಯಿಂದ ಕಾಲಾದ ರೂಪವೂ, ರೈಲಿನ ದಾರಿಯಿಂದ ಏಣಿಯ ರೂಪವೂ ಬಂದು ಇಲ್ಲಿ ಕೂಡಿವೆಯೆಂದರೆ ವಸ್ತುಸ್ಥಿತಿಗೆ ಸಮೀಪವಾದ ಮಾತನ್ನು ಆಡಿದಂತಾಗುವುದು.

೭. ತಾಂಡಾಗಳ ತೀಜ್

ಕಮಲಾಪುರದ ಸುತ್ತಿನಲ್ಲಿ ಲಂಬಾಣಿಗಳ ತಾಂಡಾಗಳು ಬಹಳ ಇವೆ. ಗೋವುಗಳನ್ನು ಕಾಯ್ದು, ಎತ್ತುಗಳ ಮೇಲೆ ಧಾನ್ಯ ಉಪ್ಪುಗಳನ್ನು ಹೇರಿಕೊಂಡು ದೇಶವನ್ನು ಸುತ್ತಿದ ಈ ಜನರು ಶ್ರಾವಣದಲ್ಲಿ ತೀಜ್ ಎಂಬ ಹಬ್ಬವನ್ನು ಆಚರಿಸುತ್ತಾರೆ. ಮದುವೆಯಾಗದ ಹೆಣ್ಣುಮಕ್ಕಳು ಚಿಕ್ಕ ಬುಟ್ಟಿಗಳಲ್ಲಿ ಗೋದಿಯನ್ನು ಬಿತ್ತಿ, ದಿನವೂ ಹಾಡುತ್ತ ನೀರೆರೆದು ಮೊಳಕೆಗಳನ್ನು ಬೆಳಸುತ್ತಾರೆ. ಈ ವ್ರತವು ಗೋಕುಲಾಷ್ಟಮಿಯ ಸುಮಾರಿಗೆ ಮುಗಿಯುತ್ತದೆ. ಆಗ ಆ ಹಸುರು ಪೈರನ್ನು ಹಿರಿಯರಿಗೂ ಅಣ್ಣತಮ್ಮಂದಿರಿಗೂ ಹಂಚಿ ಉಳಿದುದನ್ನು ನೀರಿಗೆ ಬಿಡುತ್ತಾರೆ. ಇದರಲ್ಲಿ ಎತ್ತರವಿಲ್ಲ, ಸ್ಪರ್ಧೆಯಿಲ್ಲ. ಗಡಿಗೆಯ ಉತ್ಸವದಲ್ಲಿ ಗಂಡುಮಕ್ಕಳಿಗೆ ದೊರೆಯುವ ಮುಖ್ಯ ಸ್ಥಾನವು ಇಲ್ಲಿ ಹೆಣ್ಣುಮಕ್ಕಳದು. ಆದರೂ ಎರಡಕ್ಕೂ ಹೊಂದಿಕೆಯಿದೆ. ಒಂದರಲ್ಲಿ ಗೋರಸವನ್ನು ಹಂಚುತ್ತಾರೆ, ಇನ್ನೊಂದರಲ್ಲಿ ಪೈರನ್ನು ಹಂಚುತ್ತಾರೆ. ಒಂದೇ ತಿಥಿಯ ಸುತ್ತಿನಲ್ಲಿ, ಒಂದೇ ತಾಲೂಕಿನಲ್ಲಿ ನಡೆಯುವ ಈ ಎರಡು ಹಬ್ಬಗಳನ್ನು ಜತೆಯಿಟ್ಟು ಅಭ್ಯಾಸಮಾಡಿದರೆ ಪಶುಪಾಲಕ ಜನರ ಶ್ರಾವಣದ ಆಚರಣೆಗಳ ಮೇಲೆ ಹೊಸ ಬೆಳಕು ಬೀಳುವುದರಲ್ಲಿ ಸಂದೇಹವಿಲ್ಲ.

೮. ಉಪಸಂಹಾರ

ಮೇಲಿನ ವಿಚಾರದಿಂದ ಹೊರಡುವ ನಿರ್ಣಯವು ಇಷ್ಟು. ಎರಚಾಟ, ಗಡಿಗೆ, ಹಂಚಿಕೆ ಇವು ಈ ಉತ್ಸವದ ಹಳೆಯ ಅಂಗಗಳು. ಅವುಗಳಿಗೆ ಪುರಾಣದ ಆಧಾರವಿರುವಂತೆ ಕನ್ನಡ ನೆಲದ ಆಧಾರವೂ ಇದೆ. ಮನುಷ್ಯರ ಏಣಿಯು ಅವುಗಳಿಗೆ ಸೇರಿಕೊಂಡ ಅಂಗ. ಸೇರಿಕೊಂಡುದೆಂಬ ಕಾರಣದಿಂದ ಅದನ್ನು ಹೀನವೆಂದು ಎಣಿಸಬೇಕಾಗಿಲ್ಲ. ಕೆಳಗೆ ನಿಂತವನು ಮೇಲಿನವನ ಮುಖವನ್ನೂ ಕಾಣದೆ ಅವನ ಭಾರವನ್ನು ಹೊರುವುದು, ಬೀಳುವವನನ್ನು ಹಿಡಿಯಲು ನೂರು ಕೈಗಳು ಏಳುವುದು ಇವು ಕಾಲಾದ ಭಾವಕ್ಕೆ ಹೊರತಾದುವಲ್ಲ. ಬುತ್ತಿಯನ್ನು ಹಂಚಿಕೊಂಡಂತೆಯೇ ಭಾರವನ್ನೂ ಹಂಚಿಕೊಳ್ಳುವುದು ಆ ಆಟದ ಒಳ್ಳೆಯ ಗುಣ. ಆದರೆ ಎತ್ತರವೊಂದೇ ಹಬ್ಬವೆಂದು ತಿಳಿದು, ಸಂಪ್ರದಾಯದ ಹೆಸರಿನಲ್ಲಿ ಚಿಕ್ಕ ಮಕ್ಕಳನ್ನು ತುದಿಗೇರಿಸುವವರು ಆ ಸಂಪ್ರದಾಯದ ಆಧಾರವನ್ನು ಹೇಳಲಾರರು. ಭಾಗವತದ ಹುಡುಗನು ಒರಳನ್ನು ಮೆಟ್ಟಿ ಏರಿದನು. ಅವನನ್ನು ನಲವತ್ತು ಅಡಿಯ ಮೇಲೆ ನಿಲ್ಲಿಸಿ ನೋಡಿದವರು ಯಾರೂ ಇರಲಿಲ್ಲ.

ಕಲಬುರಗಿ ಜಿಲ್ಲೆಯ ಕೋಟೆಗಳನ್ನೂ ಶಾಸನಗಳನ್ನೂ ಕುರಿತು ವಿದ್ವಾಂಸರು ಬಹಳ ದುಡಿದಿದ್ದಾರೆ. ಇಲ್ಲಿನ ಹಬ್ಬಗಳ ಚರಿತ್ರೆಯು ಅಷ್ಟೇ ಶ್ರದ್ಧೆಯನ್ನು ಬೇಡುತ್ತದೆ. ಪ್ರತಿ ಊರಿನಲ್ಲಿಯೂ ಗಡಿಗೆಯನ್ನು ಹಗ್ಗಕ್ಕೆ ಕಟ್ಟುತ್ತಿದ್ದರೋ ಕಂಬಕ್ಕೆ ಕಟ್ಟುತ್ತಿದ್ದರೋ, ಅದರಲ್ಲಿ ಏನನ್ನು ತುಂಬುತ್ತಿದ್ದರು, ಕೋಲಿನಿಂದ ಒಡೆಯುತ್ತಿದ್ದರೋ ಏರಿ ಒಡೆಯುತ್ತಿದ್ದರೋ, ಒಡೆದ ಮೊಸರಿನಲ್ಲಿ ಯಾರಿಗೆಲ್ಲ ಪಾಲು ಸಲ್ಲುತ್ತಿತ್ತು ಎಂಬ ನಾಲ್ಕು ಪ್ರಶ್ನೆಗಳನ್ನು ವಯಸ್ಸಾದವರಲ್ಲಿ ಕೇಳಿ ಬರೆದಿಟ್ಟರೆ, ಕೆಲವೇ ವರ್ಷಗಳಲ್ಲಿ ಬೆಲೆಯುಳ್ಳ ಸಂಗ್ರಹವೊಂದು ಸಿದ್ಧವಾಗುವುದು. ಇವುಗಳಲ್ಲಿ ಕಡೆಯ ಪ್ರಶ್ನೆಯು ಎಲ್ಲಕ್ಕಿಂತ ಮುಖ್ಯವಾದುದು. ಊರಿನ ಯಾವ ಓಣಿಯವರು ಕೈಯೊಡ್ಡಿದರು, ಯಾವ ಓಣಿಯವರು ದೂರ ನಿಂತರು ಎಂಬುದು ಅದರ ಉತ್ತರದಿಂದಲೇ ತಿಳಿಯಬೇಕು. ತಾಲೂಕಿನ ಶಾಲೆ ಕಾಲೇಜುಗಳ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಈ ಕೆಲಸವನ್ನು ಕೈಗೊಳ್ಳಲೆಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇವೆ.